ಮಾಲೆ ಹಾಕಿದ್ದು ನಾನು, ಕರಿಯ ಅಲ್ಲ

ಚೆನ್ನೈನ ನಮ್ಮ ಮನೆ ನಾಯಿ ಕರಿಯನಿಗೆ 13 ವರ್ಷ, ಕಿಡ್ನಿ ಕೈಕೊಟ್ಟಿದೆ. ಮಾಲೆ ಹಾಕಿದಾಗಿನಿಂದ ದಿನ ಬಿಟ್ಟು ದಿನ ಆಟೋದಲ್ಲಿ ವೇಪೇರಿಯ ಪಶುವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರ್ಕೊಂಡು ಹೋಗಿ ಡ್ರಿಪ್ ಹಾಕಿಸ್ತಿದ್ದೆ. ಹಾಳಾದ ಕಿಡ್ನಿ ಮತ್ತೆ ಸರಿಹೋಗಲ್ಲ, ಸ್ವಲ್ಪ ದಿನ ತಳ್ಳಬಹುದು ಅಷ್ಟೇ. ಈಗೀಗ ಆಟೋ ಶಬ್ದ ಕೇಳಿದರೇ ಮಂಚದ ಕೆಳಗೆ ಸೇರ್ಕೊಳ್ತಾನೆ.

41 ದಿನದ ಬರಿಗಾಲು, ತಣ್ಣೀರು ಸ್ನಾನ ನಮಗೆ ಕಷ್ಟ ಅನಿಸಲ್ಲ ಸ್ವಾಮಿಗಳೇ, ಹದಿನೆಂಟು ಮೆಟ್ಟಿಲು ಕಣ್ಣ ಮುಂದಿರುತ್ತೆ. ಕರಿಯನಿಗೆ ಸೂಜಿಯ ಆಚೆ ಏನೂ ಕಾಣಲ್ಲ. 2019ರಲ್ಲಿ ತಿರುಮಲದಿಂದ 13 ಸ್ವಾಮಿಗಳ ಹಿಂದೆ ಚಿಕ್ಕಮಗಳೂರಿನ ಕೊಟ್ಟಿಗೆಹಾರದವರೆಗೆ 480 ಕಿ.ಮೀ. ನಡೆದ ಬೀದಿನಾಯಿ ನೆನಪಿದೆಯಾ? ಅದು ತಾನಾಗಿ ಬಂದದ್ದು, ಬೇಡ ಅನಿಸಿದ್ದರೆ ನಿಂತುಬಿಡಬಹುದಿತ್ತು. ಇವನಿಗೆ ಆ ದಾರಿ ಇಲ್ಲ, ನಾನೇ ನಿಲ್ಲಿಸಬೇಕು.

ಡ್ರಿಪ್ ನಿಲ್ಲಿಸಿದೆವು. ವಾಂತಿಗೆ ಮಾತ್ರೆ, ತಿಂದಷ್ಟು ಅನ್ನ. ನೋವು ಹೆಚ್ಚಾದರೆ ನಿದ್ದೆ ಇಂಜೆಕ್ಷನ್ ಇದೆ ಅಂದರು ಡಾಕ್ಟರು. ಮಾಲೆಯಲ್ಲಿದ್ದು ಅದಕ್ಕೆ ಒಪ್ಪೋದು ಹೇಗೆ ಅಂತ ಎರಡು ರಾತ್ರಿ ನಿದ್ದೆ ಬರಲಿಲ್ಲ. ಆದರೆ ನನ್ನ ಮಾಲೆ ಇಳಿಯೋವರೆಗೂ ಅವನು ನರಳಲಿ ಅಂದರೆ, ನಾನು ಕಾಪಾಡಿದ್ದು ನನ್ನ ಮಡಿಯನ್ನ, ಅವನನ್ನಲ್ಲ. ಹಾಗೆ ಆದರೆ ಒಪ್ತೀನಿ ಅಂತ ಅಮ್ಮನಿಗೆ ಹೇಳಿದ್ದೀನಿ.

ಇವತ್ತು ಬೆಳಗ್ಗೆ ಶರಣು ಕೂಗುವಾಗ ಬಿಸಿಲಲ್ಲಿ ಮಲಗಿದ್ದವನು ಬಾಲ ಅಲ್ಲಾಡಿಸಿದ.