ಶಕ್ತಿಯರಿತ ತ್ಯಾಗ ಮತ್ತು ಹಸಿ ಆಹಾರ

ತೀರ್ಥಂಕರ ನಾಮಕರ್ಮದ ಆಸ್ರವಕ್ಕೆ ಕಾರಣವಾಗುವ ಹದಿನಾರು ಭಾವನೆಗಳನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ. ಅವುಗಳಲ್ಲಿ ತ್ಯಾಗವೂ ಉಂಟು, ತಪವೂ ಉಂಟು. ಈ ಎರಡಕ್ಕೂ ‘ಶಕ್ತಿತಃ’ ಎಂಬ ಮಾತನ್ನು ಸೂತ್ರಕಾರರು ಜೋಡಿಸಿದ್ದಾರೆ. ಶಕ್ತಿಗೆ ತಕ್ಕಂತೆ ತ್ಯಾಗ, ಶಕ್ತಿಗೆ ತಕ್ಕಂತೆ ತಪ. ತ್ಯಾಗವನ್ನು ಕೊಂಡಾಡುವ ಉತ್ಸಾಹದಲ್ಲಿ ಈ ಪುಟ್ಟ ಪದ ಎಷ್ಟೋ ಸಲ ಕಿವಿಗೆ ಬೀಳದೆ ಹೋಗುತ್ತದೆ.

ಜೈನ ಮನೆತನಗಳ ಕೆಲವು ತರುಣ ತರುಣಿಯರನ್ನು ಈಚಿನ ವರ್ಷಗಳಲ್ಲಿ ಸೆಳೆದಿರುವ ಹಸಿ ಆಹಾರದ ವ್ರತವನ್ನು ಕುರಿತು ಚಿಂತಿಸುವಾಗ ಮೊದಲು ನೆನಪಾಗಬೇಕಾದದ್ದು ಈ ಪದವೇ. ಹಾಲು, ಮೊಸರು, ತುಪ್ಪಗಳನ್ನು ಪೂರ್ಣವಾಗಿ ಬಿಡುವುದು ಇದರ ಒಂದು ಅಂಗ. 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ‘ವೀಗನ್’ ಎಂಬ ಹೆಸರು ಇದಕ್ಕೆ ಸಲ್ಲುತ್ತದೆ. ಸುಮಾರು 40ರಿಂದ 48 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖ ತಾಗಿದ ಯಾವುದನ್ನೂ ಸೇವಿಸದಿರುವುದು ಇನ್ನೊಂದು ಅಂಗ. ಹಣ್ಣು, ಸೊಪ್ಪು, ತರಕಾರಿ, ತೆಂಗಿನಕಾಯಿ, ನೆನೆಸಿದ ಬೀಜ, ಮೊಳಕೆ ಬರಿಸಿದ ಕಾಳು ಇವೇ ಊಟ. ಬೆಂಕಿಯಿಲ್ಲದ, ಹಸುವಿಗೆ ಹೊರೆಯಾಗದ ಈ ಊಟಕ್ಕಿಂತ ಅಹಿಂಸಾತ್ಮಕವಾದುದು ಬೇರೆ ಇರಲಾರದೆಂಬ ನಂಬಿಕೆಯಿಂದಲೇ ಬಹುಮಂದಿ ಇದನ್ನು ಕೈಗೊಳ್ಳುತ್ತಾರೆ. ಆ ಸದ್ಭಾವವನ್ನು ಲಘುವಾಗಿ ಕಾಣಲಾಗದು. ಇಂದಿನ ಹೈನೋದ್ಯಮದಲ್ಲಿ ಗಂಡುಕರುವಿನ ಗತಿ ಏನಾಗುತ್ತದೆಂದು ಬಲ್ಲವರು ಹಾಲಿನ ಲೋಟದ ಮುಂದೆ ತಡವರಿಸಿದರೆ ಅದನ್ನು ಹುಡುಗಾಟವೆನ್ನುವಂತಿಲ್ಲ.

ಆದರೆ ಹಸಿಯೇ ಅಹಿಂಸೆಯೆಂಬ ಸಮೀಕರಣಕ್ಕೆ ಆಗಮದ ಆಧಾರ ಸಿಗುವುದು ಕಷ್ಟ. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಐದನೆಯದು ಸಚಿತ್ತತ್ಯಾಗ. ಹಸಿಯಾದ ಬೇರು, ಹಣ್ಣು, ಸೊಪ್ಪು, ಚಿಗುರು, ಗೆಡ್ಡೆ, ಹೂವು, ಬೀಜಗಳನ್ನು ತಿನ್ನದವನನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಯೆಯ ಮೂರ್ತಿಯೆಂದು ಕರೆದಿದ್ದಾರೆ. ಜೀವವಿರುವ ವಸ್ತುವನ್ನು ಪ್ರಾಸುಕಗೊಳಿಸಿ, ಅಂದರೆ ನಿರ್ಜೀವಗೊಳಿಸಿ ಸೇವಿಸುವುದು ಅಲ್ಲಿನ ಕ್ರಮ. ನೀರನ್ನು ಸೋಸಿ ಕಾಯಿಸುವ ಪದ್ಧತಿಯ ಹಿಂದಿರುವುದೂ ಇದೇ ವಿವೇಕ. ಹೊಸ ವ್ರತವು ಯಾವುದನ್ನು ಸಾತ್ವಿಕವೆಂದು ಹುಡುಕಿಕೊಂಡು ಹೋಗುತ್ತದೆಯೋ ಅದನ್ನೇ ಹಳೆಯ ವ್ರತ ಬಿಡುತ್ತಾ ಬಂದಿದೆ! ಮೊಳಕೆಯೊಡೆದ ಕಾಳು ಅನಂತಕಾಯವೆಂಬ ಭಾವನೆಯಿಂದ ಅದನ್ನು ಮುಟ್ಟದ ಮನೆಗಳು ಇಂದಿಗೂ ಇವೆ. ಒಲೆ ಹಚ್ಚಿದರೆ ಅಗ್ನಿಕಾಯಿಕ ಜೀವಗಳ ಹಿಂಸೆಯಾಗುತ್ತದೆಂಬುದೂ ಸತ್ಯವೇ. ಆದ್ದರಿಂದ ಜೀವಗಳ ಲೆಕ್ಕವೊಂದರಿಂದಲೇ ಹಸಿ ಮೇಲು, ಬೆಂದದ್ದು ಕೀಳು ಎಂದು ತೀರ್ಮಾನಿಸಲು ಬರುವುದಿಲ್ಲ. ವ್ರತವನ್ನು ಕೈಗೊಂಡವರ ದೇಹಕ್ಕೂ ಪರಿಣಾಮಗಳಿಗೂ ಏನಾಗುತ್ತದೆ ಎಂಬುದನ್ನೂ ನೋಡಬೇಕಾಗುತ್ತದೆ.

ದೇಹದ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಬಿ12 ಜೀವಸತ್ತ್ವ. ಇದನ್ನು ಗಿಡಗಳಾಗಲೀ ಪ್ರಾಣಿಗಳಾಗಲೀ ತಯಾರಿಸಲಾರವು. ತಯಾರಿಸುವುದು ಸೂಕ್ಷ್ಮಾಣುಗಳು ಮಾತ್ರ. ವಯಸ್ಕನಿಗೆ ದಿನಕ್ಕೆ ಬೇಕಾದದ್ದು ಕೇವಲ 2.4 ಮೈಕ್ರೋಗ್ರಾಂನಷ್ಟು. ಸಸ್ಯಾಹಾರಿ ಜೈನ ಕುಟುಂಬಗಳಿಗೆ ಅದು ದೊರೆಯುತ್ತಿದ್ದುದು ಬಹುಮಟ್ಟಿಗೆ ಹಾಲು ಮೊಸರುಗಳಿಂದ. ಅವನ್ನು ಬಿಟ್ಟ ದಿನವೇ ಆ ಬಾಗಿಲು ಮುಚ್ಚುತ್ತದೆ. ತೊಳೆಯದ ತರಕಾರಿಯ ಮಣ್ಣಿನಿಂದ ಅದು ದೊರೆಯುತ್ತದೆಂದು ಕೆಲವರು ವಾದಿಸುವುದುಂಟು. ಸೊಪ್ಪನ್ನು ಎಲೆ ಎಲೆಯಾಗಿ ನೋಡಿ ತೊಳೆಯುವ, ನೀರನ್ನು ಸೋಸಿ ಕುಡಿಯುವ ಮನೆಯಲ್ಲಿ ಆ ವಾದಕ್ಕೆ ಎಡೆಯೆಲ್ಲಿ? ಸ್ಪಿರುಲಿನಾದಲ್ಲಿರುವುದು ಬಹುಪಾಲು ಮನುಷ್ಯದೇಹಕ್ಕೆ ಉಪಯೋಗಕ್ಕೆ ಬಾರದ ರೂಪ.

ಯಕೃತ್ತಿನಲ್ಲಿ ಸಂಗ್ರಹವಾದ ಬಿ12 ಕೆಲವು ವರ್ಷಗಳ ಕಾಲ ಸಾಗಬಲ್ಲುದು. ಮೋಸವಿರುವುದು ಇಲ್ಲಿಯೇ. ಮೊದಲ ವರ್ಷ ದೇಹ ಹಗುರ, ಮನಸ್ಸು ಪ್ರಸನ್ನ. ವ್ರತ ಫಲಿಸಿತೆಂಬ ಭಾವ. ಆಮೇಲೆ ಯಾವಾಗಲೋ ಅಂಗಾಲಿನಲ್ಲಿ ಜುಮುಗುಟ್ಟುವಿಕೆ, ಮರೆವು, ಸಿಡಿಮಿಡಿ, ಕಾರಣವಿಲ್ಲದ ಖಿನ್ನತೆ. ಹಸಿ ಸೊಪ್ಪು ಹಣ್ಣುಗಳಲ್ಲಿ ಫೋಲೇಟ್ ಹೇರಳವಾಗಿರುವುದರಿಂದ ರಕ್ತಹೀನತೆ ಕಾಣಿಸಿಕೊಳ್ಳದೆಯೇ ಒಳಗೆ ನರಗಳು ಹಾನಿಗೊಳ್ಳುತ್ತಿರಬಹುದು. ಬಹುಕಾಲ ಕಡೆಗಣಿಸಿದರೆ ಆ ಹಾನಿ ಪೂರ್ತಿಯಾಗಿ ವಾಸಿಯಾಗದಿರುವುದೂ ಉಂಟು. ಖಿನ್ನತೆಗೆಲ್ಲ ಬಿ12 ಕೊರತೆಯೇ ಕಾರಣವಲ್ಲ, ನಿಜ. ಆದರೆ ಇಂಥ ಆಹಾರದಲ್ಲಿರುವವರ ಖಿನ್ನತೆಯನ್ನು ಪೂರ್ವಕರ್ಮದ ತಲೆಗೆ ಕಟ್ಟುವ ಮುನ್ನ ರಕ್ತಪರೀಕ್ಷೆ ಮಾಡಿಸುವುದು ವಿವೇಕ.

ಇನ್ನು ಹೊಟ್ಟೆಯ ಲೆಕ್ಕ. ದಿನಕ್ಕೆ 2,000 ಕ್ಯಾಲೊರಿ ಬೇಕೆಂದಿಟ್ಟುಕೊಂಡರೆ, ಪಚ್ಚಬಾಳೆಹಣ್ಣಿನಿಂದಲೇ ಅದನ್ನು ಪಡೆಯಲು ಸುಮಾರು ಇಪ್ಪತ್ತು ಹಣ್ಣು ತಿನ್ನಬೇಕು. ಸೌತೆಕಾಯಿಯಿಂದಾದರೆ ಹದಿಮೂರು ಕಿಲೋ! ಅದೂ ಸೂರ್ಯಾಸ್ತದ ಒಳಗೆ. ಪಾಶ್ಚಾತ್ಯ ಹಸಿ ಆಹಾರಿಗಳು ಧಾರಾಳವಾಗಿ ಬಳಸುವ ಕ್ಯಾರೆಟ್, ಬೀಟ್‌ರೂಟ್‌ಗಳು ಕಂದಮೂಲ ಬಿಟ್ಟವನಿಗೆ ನಿಷಿದ್ಧ. 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಕೊಡುವ ನಮ್ಮ ನಾಡಿನ ರಾಗಿ ಒಲೆಯ ಮೇಲೇರದೆ ಮುದ್ದೆಯಾಗದು. ಹಸಿ ರಾಜ್ಮಾ ಕಾಳಂತೂ ವಾಂತಿ ಭೇದಿ ತರಿಸುವ ವಿಷವನ್ನೇ ಒಳಗಿಟ್ಟುಕೊಂಡಿದೆ. ಅದು ಚೆನ್ನಾಗಿ ಕುದಿಸಿದರೆ ಮಾತ್ರ ನಾಶವಾಗುತ್ತದೆ. ಹೀಗೆ ಎರಡು ನಿಯಮಗಳು ಕೂಡಿದಾಗ ತಟ್ಟೆಯಲ್ಲಿ ಉಳಿಯುವುದು ಬಹಳ ಕಡಿಮೆ. ಎರಡನ್ನೂ ಪಾಲಿಸುವವರು ತೆಂಗಿನಕಾಯಿ, ಕಡಲೆಕಾಯಿ, ಎಳ್ಳು, ಬಾದಾಮಿಗಳನ್ನು ಅಳತೆಯಿಟ್ಟು ಸೇರಿಸಿಕೊಳ್ಳದೆ ಗತ್ಯಂತರವಿಲ್ಲ. ಜರ್ಮನಿಯಲ್ಲಿ ಹಸಿ ಆಹಾರವನ್ನು ದೀರ್ಘಕಾಲ ಸೇವಿಸುತ್ತಿದ್ದ 513 ಜನರನ್ನು ಕುರಿತು 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೆಂಗಸರಲ್ಲಿ ನಾಲ್ಕನೆಯ ಒಂದು ಭಾಗದವರ ತೂಕ ಇರಬೇಕಾದುದಕ್ಕಿಂತ ಕಡಿಮೆಯಿತ್ತು. 45 ವರ್ಷದೊಳಗಿನ ಹೆಂಗಸರಲ್ಲಿ ಸುಮಾರು ನೂರಕ್ಕೆ ಮೂವತ್ತರಷ್ಟು ಮಂದಿಗೆ ಮಾಸಿಕಸ್ರಾವ ಏರುಪೇರಾಗಿತ್ತು ಅಥವಾ ನಿಂತೇ ಹೋಗಿತ್ತು.

ಹಸಿದ ದೇಹದಲ್ಲಿ ಮನಸ್ಸಿನ ಸ್ಥಿತಿ ಏನಾಗುತ್ತದೆಂಬುದಕ್ಕೆ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ 1944–45ರಲ್ಲಿ ನಡೆದ ಪ್ರಯೋಗ ಜೈನರಿಗೆ ವಿಶೇಷವಾಗಿ ಮನನೀಯ. ಅದರಲ್ಲಿ ಪಾಲ್ಗೊಂಡ 36 ತರುಣರು ಕೊಲ್ಲಲಾರೆವೆಂದು ಯುದ್ಧಸೇವೆಯನ್ನು ನಿರಾಕರಿಸಿದ್ದವರು. ಯುದ್ಧದಿಂದ ಹಸಿದವರಿಗೆ ನೆರವಾಗಲೆಂದು ತಮ್ಮ ದೇಹವನ್ನೇ ವಿಜ್ಞಾನಿ ಆನ್ಸೆಲ್ ಕೀಸ್ ಅವರ ಪರೀಕ್ಷೆಗೆ ಒಪ್ಪಿಸಿದವರು. ಆರು ತಿಂಗಳ ಕಾಲ ಅವರಿಗೆ ಹಿಂದಿನ ಅರ್ಧದಷ್ಟು ಆಹಾರ ಮಾತ್ರ. ಕಾಲುಭಾಗದಷ್ಟು ತೂಕ ಇಳಿಯಿತು. ಓದು, ಗೆಳೆತನ, ನಗೆ ಎಲ್ಲದರಲ್ಲೂ ಆಸಕ್ತಿ ಬತ್ತಿತು. ಸಿಟ್ಟು, ವಿಷಾದ ಹೆಚ್ಚಿದವು. ಪಾಕಶಾಸ್ತ್ರದ ಪುಸ್ತಕಗಳನ್ನು ಓದುವುದು, ಊಟವನ್ನು ಕನಸುವುದು, ತಟ್ಟೆಯನ್ನು ನೆಕ್ಕುವುದು, ಇವೇ ಅವರ ದಿನಚರಿಯನ್ನು ಆಕ್ರಮಿಸಿದವು. ಅವರ ಸದುದ್ದೇಶದಲ್ಲಾಗಲೀ ಮನೋಬಲದಲ್ಲಾಗಲೀ ಕೊರತೆಯಿರಲಿಲ್ಲ. ಇದ್ದದ್ದು ಅನ್ನದ ಕೊರತೆ.

ಶಾಸ್ತ್ರದ ಭಾಷೆಯಲ್ಲಿ ಇದು ಆರ್ತಧ್ಯಾನ. ಇಷ್ಟವಾದುದರ ವಿಯೋಗವನ್ನೂ ವೇದನೆಯನ್ನೂ ಎಡೆಬಿಡದೆ ನೆನೆಯುವ ಈ ಧ್ಯಾನ ಸಂಸಾರಕ್ಕೆ ಕಾರಣವೇ ಹೊರತು ಮೋಕ್ಷಕ್ಕಲ್ಲ. ಗೊತ್ತಾದ ಅವಧಿಗೆ ಅನಶನವನ್ನು ಕೈಗೊಂಡು, ಸ್ವಾಧ್ಯಾಯದಲ್ಲಿ ಮನಸ್ಸಿಟ್ಟು, ಪಾರಣೆಯ ದಿನವನ್ನು ಶಾಂತವಾಗಿ ಕಾಣುವ ಶ್ರಾವಕನ ಸ್ಥಿತಿ ಬೇರೆ. ಕೊನೆಯಿಲ್ಲದ ಅರೆಹೊಟ್ಟೆಯಲ್ಲಿ ಆಹಾರವನ್ನು ಬಿಟ್ಟೆನೆಂದುಕೊಳ್ಳುತ್ತಲೇ ದಿನವಿಡೀ ಆಹಾರವನ್ನೇ ಚಿಂತಿಸುವವನ ಸ್ಥಿತಿ ಬೇರೆ. ಎರಡನೆಯವನದನ್ನು ರಸಪರಿತ್ಯಾಗವೆನ್ನಲು ನಾಲಗೆ ಹಿಂಜರಿಯುತ್ತದೆ. ಶುದ್ಧ ಆಹಾರದ ಈ ಗೀಳಿಗೆ ಅಮೆರಿಕದ ವೈದ್ಯ ಸ್ಟೀವನ್ ಬ್ರಾಟ್‌ಮನ್ 1997ರಲ್ಲಿ ‘ಆರ್ಥೊರೆಕ್ಸಿಯ’ ಎಂದು ಹೆಸರಿಟ್ಟರು. ದಶಲಕ್ಷಣ ಪರ್ವದ ಸಹಭೋಜನಕ್ಕೂ ಬಾರದೆ, ಅಜ್ಜಿ ಬಡಿಸಿದ ಅನ್ನಸಾರನ್ನು ಅಶುದ್ಧವೆಂದು ಸರಿಸಿದಾಗ ಅಲ್ಲಿ ತಪದ ಮದವೂ ಸೇರಿಕೊಂಡಿರುತ್ತದೆ. ಎಂಟು ಮದಗಳ ಪಟ್ಟಿಯಲ್ಲಿ ತಪಕ್ಕೂ ಸ್ಥಾನ ಕೊಟ್ಟ ಆಚಾರ್ಯರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರು.

ಮಾತ್ರೆ ನುಂಗುವುದರಿಂದ ವ್ರತಕ್ಕೆ ಕುಂದೆಂಬ ಸಂಕೋಚವೂ ಕೆಲವರಲ್ಲಿದೆ. ಇದಕ್ಕೆ ಚರಿತ್ರೆಯ ಹಿನ್ನೆಲೆಯುಂಟು. 1926ರಲ್ಲಿ ಮಾರಕ ರಕ್ತಹೀನತೆಗೆ ಮದ್ದೆಂದು ಕಂಡುಕೊಂಡದ್ದು ಪ್ರಾಣಿಗಳ ಯಕೃತ್ತನ್ನು. 1948ರಲ್ಲಿ ಬಿ12 ಪ್ರತ್ಯೇಕವಾಗಿ ದೊರೆತದ್ದೂ ಮೊದಲು ಅದರಿಂದಲೇ. ಇಂದು ಅದನ್ನು ತಯಾರಿಸುವುದು ಸೂಕ್ಷ್ಮಾಣುಗಳ ಹುದುಗುವಿಕೆಯಿಂದ. ಆ ಜೀವಗಳ ಹಿಂಸೆ ಇಲ್ಲವೇ ಎಂದರೆ, ಇದೆ. ಆದರೆ ಗೃಹಸ್ಥನ ಅಹಿಂಸಾಣುವ್ರತವು ಸಂಕಲ್ಪಪೂರ್ವಕವಾದ ತ್ರಸಜೀವಹಿಂಸೆಯನ್ನು ಬಿಡಿಸುತ್ತದೆ. ಸ್ಥಾವರ ಜೀವಗಳ ವಿಷಯದಲ್ಲಿ ಅನಗತ್ಯವಾದುದನ್ನು ಬಿಡಬೇಕೆಂದು ಹೇಳುತ್ತದೆ. ನರಗಳ ರಕ್ಷಣೆ ಅನಗತ್ಯವೆನ್ನುವವರಾರು? ಎಚ್ಚರವಿರಬೇಕಾದದ್ದು ಬೇರೆ ಕಡೆ. ಪ್ರಾಣಿಗಳ ಎಲುಬು ಚರ್ಮಗಳಿಂದಾಗುವ ಜೆಲಟಿನ್ ಕ್ಯಾಪ್ಸೂಲನ್ನು ಬಿಟ್ಟು ಗಟ್ಟಿ ಮಾತ್ರೆಯನ್ನು ಕೇಳಿ ಪಡೆಯಬಹುದು. ಡಿ3 ಜೀವಸತ್ತ್ವ ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಕಲ್ಲುಹೂವಿನ ಜಾತಿಯಿಂದ ತೆಗೆದದ್ದೂ ದೊರೆಯುತ್ತದೆ. ಬಸುರಿ ಬಾಣಂತಿಯರೂ ಬೆಳೆಯುವ ಮಕ್ಕಳೂ ಪೂರ್ಣ ಹಸಿ ಆಹಾರದ ಪ್ರಯೋಗಕ್ಕೆ ಒಳಗಾಗಲೇಬಾರದು. ಹಾಲನ್ನು ಬಿಡಬೇಕೆಂಬ ಅಂತರಂಗದ ಒತ್ತಾಯವುಳ್ಳವರು ಹಾಲನ್ನು ಬಿಟ್ಟು, ಅನ್ನ, ಬೇಳೆ, ಮುದ್ದೆಗಳನ್ನು ಬೇಯಿಸಿಯೇ ಉಂಡರೆ ಅವರ ದಯೆಯಲ್ಲಿ ಎಳ್ಳಷ್ಟೂ ಕಡಿಮೆಯಾಗದು.

ಸಚಿತ್ತತ್ಯಾಗವನ್ನು ವಿಧಿಸಿದ ಆ ಸಮಂತಭದ್ರರ ಬಗೆಗೇ ಪರಂಪರೆಯಲ್ಲಿ ಒಂದು ಕಥೆಯುಂಟು. ಮುನಿಗಳಾಗಿದ್ದಾಗ ಅವರಿಗೆ ಭಸ್ಮಕ ವ್ಯಾಧಿ ತಗುಲಿತು. ಉಂಡದ್ದೆಲ್ಲ ಉರಿದುಹೋಗುವ, ಎಂದೂ ತಣಿಯದ ಹಸಿವು. ಮುನಿಯ ಮಿತಾಹಾರದಲ್ಲಿ ಅದು ಶಮನವಾಗುವಂತಿರಲಿಲ್ಲ. ಅವರು ಗುರುಗಳಲ್ಲಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಕೊಡಲಿಲ್ಲ. ಈ ಶಿಷ್ಯನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಬಹಳವಿದೆಯೆಂದು ತಿಳಿದು, ವೇಷವನ್ನು ತಾತ್ಕಾಲಿಕವಾಗಿ ಕಳಚಿ, ಎಲ್ಲಿಯಾದರೂ ಹೊಟ್ಟೆ ತುಂಬ ಉಂಡು ರೋಗವನ್ನು ಕಳೆದುಕೊಂಡು ಬಾ ಎಂದು ಕಳುಹಿಸಿದರು. ಸಮಂತಭದ್ರರು ಶಿವಾಲಯವೊಂದನ್ನು ಸೇರಿ, ಅಲ್ಲಿಯ ನೈವೇದ್ಯವನ್ನು ದಿನವೂ ಉಂಡರು. ದಿನ ಕಳೆದಂತೆ ಪಾತ್ರೆಯಲ್ಲಿ ಅನ್ನ ಸ್ವಲ್ಪ ಸ್ವಲ್ಪವಾಗಿ ಉಳಿಯತೊಡಗಿತು. ರೋಗ ನೀಗಿದ ಮೇಲೆ ಅವರು ಮರಳಿ ದೀಕ್ಷೆಯನ್ನು ತೆಗೆದುಕೊಂಡರು.