ಮೇಳವನ್ನು ಮೀರಿದ ದನಿ

ಸಮಾನರ ಗುಂಪಿನಲ್ಲಿ ಒಬ್ಬ ಮಾತ್ರ, ಉಳಿದವರನ್ನೆಲ್ಲ ಸೇರಿಸಿದರೂ ಸರಿದೂಗದಷ್ಟು ದೊಡ್ಡವನಾಗಿದ್ದರೆ ಅವನನ್ನು ಏನು ಮಾಡಬೇಕು? ಅರಿಸ್ಟಾಟಲ್ ತನ್ನ ‘ಪಾಲಿಟಿಕ್ಸ್’ ಗ್ರಂಥದ ಮೂರನೆಯ ಭಾಗದಲ್ಲಿ ಈ ಪ್ರಶ್ನೆ ಎತ್ತುತ್ತಾನೆ. ಅಥೆನ್ಸ್‌ನವರು ಅತಿ ಪ್ರಬಲರನ್ನು ಮತ ಹಾಕಿ ಹತ್ತು ವರ್ಷ ಊರಾಚೆ ಕಳಿಸುತ್ತಿದ್ದರು. ಆರ್ಗೋ ಹಡಗು ಹೆರಾಕ್ಲೀಸ್‌ನನ್ನು ಹೊರಲು ಒಪ್ಪಲಿಲ್ಲವೆಂಬ ಪುರಾಣವನ್ನೂ ಅವನು ನೆನೆಯುತ್ತಾನೆ. ಇಡೀ ಮೇಳಕ್ಕಿಂತ ಗಟ್ಟಿಯಾಗಿ, ಇಂಪಾಗಿ ಹಾಡುವವನನ್ನು ಯಾವ ಗುರುವೂ ಮೇಳದೊಳಗೆ ಸೇರಿಸಿಕೊಳ್ಳುವುದಿಲ್ಲ ಎಂಬುದು ಅವನ ಮತ್ತೊಂದು ಉದಾಹರಣೆ. ಆದರೆ ಆ ಹಿರಿಮೆ ನಿಜವಾದ ಗುಣದ್ದಾಗಿದ್ದರೆ ಹೊರಹಾಕುವುದು ನ್ಯಾಯವಲ್ಲ. ಅವನನ್ನು ಆಳುವುದೂ ಆಗದ ಮಾತು. ಹಾಗಾಗಿ ಎಲ್ಲರೂ ಮನಸಾರೆ ಅವನನ್ನು ದೊರೆಯೆಂದು ಒಪ್ಪಿ ನಡೆಯುವುದೊಂದೇ ಉಳಿದ ದಾರಿ ಎಂಬಲ್ಲಿಗೆ ಅವನ ವಾದ ಮುಟ್ಟುತ್ತದೆ.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಇದೇ ಪ್ರಶ್ನೆ ಶಿಕಾಗೊ ನಗರದ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಎದ್ದಿತು. ಮೈಕೆಲ್ ಜೋರ್ಡನ್ ಶಿಕಾಗೊ ಬುಲ್ಸ್ ಸೇರಿದ್ದು 1984ರಲ್ಲಿ. 1986ರ ಏಪ್ರಿಲ್ 20ರಂದು ಬಾಸ್ಟನ್ ಸೆಲ್ಟಿಕ್ಸ್ ವಿರುದ್ಧದ ಪ್ಲೇಆಫ್ ಪಂದ್ಯದಲ್ಲಿ ಅವರೊಬ್ಬರೇ 63 ಅಂಕ ಹೊಡೆದರು. ಎರಡು ಹೆಚ್ಚುವರಿ ಅವಧಿಗಳವರೆಗೂ ಎಳೆದ ಆ ಪಂದ್ಯವನ್ನು ಬುಲ್ಸ್ 135-131ರಿಂದ ಸೋತಿತು. ಮುಂದಿನ ಸೀಸನ್‌ನಲ್ಲಿ ಜೋರ್ಡನ್ ಪಂದ್ಯಕ್ಕೆ ಸರಾಸರಿ 37.1ರಂತೆ 3,041 ಅಂಕ ಗಳಿಸಿದರು. ತಂಡ ಗೆದ್ದದ್ದು 40, ಸೋತದ್ದು 42. ಒಬ್ಬನ ಹಿರಿಮೆ ಮತ್ತು ಗುಂಪಿನ ಗೆಲುವು ಎರಡೂ ಒಂದೇ ಅಲ್ಲ ಎನ್ನುವುದಕ್ಕೆ ಇಷ್ಟು ಚೊಕ್ಕ ಲೆಕ್ಕ ಬೇರೆಡೆ ಸಿಗುವುದು ಅಪರೂಪ.

ಈ ಬಿರುಕನ್ನು ಎಲ್ಲರಿಗಿಂತ ಚೆನ್ನಾಗಿ ಓದಿಕೊಂಡದ್ದು ಎದುರಾಳಿಗಳು. ಡೆಟ್ರಾಯಿಟ್ ಪಿಸ್ಟನ್ಸ್ ತಂಡ ‘ಜೋರ್ಡನ್ ರೂಲ್ಸ್’ ಎಂಬ ರಕ್ಷಣಾ ತಂತ್ರವನ್ನೇ ಹೆಣೆಯಿತು. ಚೆಂಡು ಜೋರ್ಡನ್ ಕೈಗೆ ಬಂದೊಡನೆ ಇಬ್ಬರು ಮೂವರು ಸುತ್ತುವರಿಯಬೇಕು, ಬುಟ್ಟಿಯತ್ತ ನುಗ್ಗಿದರೆ ಕೆಡವಬೇಕು, ಉಳಿದ ನಾಲ್ವರು ಏನು ಮಾಡುತ್ತಾರೋ ಮಾಡಲಿ. 1988, 1989, 1990, ಸತತ ಮೂರು ವರ್ಷ ಬುಲ್ಸ್ ಡೆಟ್ರಾಯಿಟ್ ಎದುರೇ ಸೋತು ಹೊರಬಿತ್ತು. ಅರಿಸ್ಟಾಟಲ್ ಹೇಳಿದ ದೊರೆತನ ಆಗ ಶಿಕಾಗೊದಲ್ಲಿ ಹೆಚ್ಚುಕಡಿಮೆ ನಡೆಯುತ್ತಲೇ ಇತ್ತು. ಚೆಂಡನ್ನು ದೊರೆಗೆ ಕೊಟ್ಟು ಬದಿಗೆ ಸರಿದು ನಿಲ್ಲುವುದು ಉಳಿದವರ ಕೆಲಸವಾಗಿತ್ತು. ಅದು ಒಂದು ಹಂತದಿಂದ ಮೇಲೆ ಸಾಗಲಿಲ್ಲ.

1989ರಲ್ಲಿ ಮುಖ್ಯ ಕೋಚ್ ಆದ ಫಿಲ್ ಜಾಕ್ಸನ್ ಈ ಕಥೆಗೆ ಧರ್ಮದ ಆಯಾಮ ತಂದರು. ಅವರು ಹುಟ್ಟಿದ್ದು ಮೊಂಟಾನಾದಲ್ಲಿ, 1945ರಲ್ಲಿ. ತಂದೆ ತಾಯಿ ಇಬ್ಬರೂ ಪೆಂಟಕೋಸ್ಟಲ್ ಪಂಥದ ಧರ್ಮಬೋಧಕರು. ಬೆಳೆಯುತ್ತ ಆ ಪಂಥದಿಂದ ದೂರ ಸರಿದರೂ ದೈವದ ಹಸಿವು ಅವರಲ್ಲಿ ಉಳಿಯಿತು. ಝೆನ್ ಗುರು ಶುನ್‌ರ್ಯು ಸುಜುಕಿಯವರ ಬರಹ, ಲಕೋಟಾ ಮೂಲನಿವಾಸಿಗಳ ಆಚಾರ, ಬಾಲ್ಯದ ಬೈಬಲ್ ಎಲ್ಲವೂ ಅವರಲ್ಲಿ ಬೆರೆತವು. ಬುಲ್ಸ್ ತಂಡ ಸಭೆ ಸೇರುವ ಕೋಣೆಯ ಗೋಡೆಗಳ ಮೇಲೆ ಲಕೋಟಾ ಬಾಣ, ಕರಡಿಯುಗುರಿನ ಹಾರದಂಥ ವಸ್ತುಗಳಿದ್ದವು. ಒಂದು ದಿನ ಇಡೀ ಅಭ್ಯಾಸ ಮೌನದಲ್ಲಿ, ಇನ್ನೊಂದು ದಿನ ದೀಪ ಆರಿಸಿ ಕತ್ತಲಲ್ಲಿ. ಇನ್ನೊಂದು ಜನಾಂಗದ ಪವಿತ್ರ ವಸ್ತುಗಳನ್ನು ಕೋಟ್ಯಧಿಪತಿಗಳ ಆಟದ ಕೋಣೆಯಲ್ಲಿ ತೂಗುಹಾಕುವುದು ಎಷ್ಟು ಸರಿ ಎಂಬ ಪ್ರಶ್ನೆ ಅಲ್ಲಗಳೆಯುವಂಥದಲ್ಲ. ಆದರೆ ಜಾಕ್ಸನ್ ಅವರ ನಿಜವಾದ ಧರ್ಮಸಾಧನೆ ಗೋಡೆಯ ಮೇಲಿರಲಿಲ್ಲ. ಅದು ಅಂಕಣದೊಳಗೆ, ಆಟದ ರಚನೆಯಲ್ಲೇ ಇತ್ತು.

ಆ ರಚನೆಯ ಹೆಸರು ‘ಟ್ರಯಾಂಗಲ್ ಅಫೆನ್ಸ್’. ಅದನ್ನು ದಶಕಗಳ ಕಾಲ ತಿದ್ದಿ ತೀಡಿದವರು ಸಹಾಯಕ ಕೋಚ್ ಟೆಕ್ಸ್ ವಿಂಟರ್. ಅಂಕಣದ ಒಂದು ಬದಿಯಲ್ಲಿ ಮೂವರು ತ್ರಿಕೋನವಾಗಿ ನಿಲ್ಲುತ್ತಾರೆ: ಒಬ್ಬ ಮೂಲೆಯಲ್ಲಿ, ಒಬ್ಬ ಬುಟ್ಟಿಯ ಹತ್ತಿರ, ಒಬ್ಬ ಅಂಚಿನಲ್ಲಿ. ಇನ್ನಿಬ್ಬರು ಆಚೆ ಬದಿಗೆ. ಒಬ್ಬರಿಂದೊಬ್ಬರಿಗೆ ಹದಿನೈದು ಹದಿನೆಂಟು ಅಡಿ ಅಂತರ. ಚೆಂಡು ಯಾರಿಗೆ ಹೋಗಬೇಕೆಂದು ಕೋಚ್ ಮುಂಚೆಯೇ ಗೊತ್ತು ಮಾಡಿರುವುದಿಲ್ಲ. ಎದುರಾಳಿ ಯಾವ ದಾರಿ ಮುಚ್ಚುತ್ತಾನೋ ಅದನ್ನು ನೋಡಿ ತೆರೆದ ದಾರಿಗೆ ಪಾಸ್ ಕೊಡಬೇಕು. ಕೊಟ್ಟವನು ಸುಮ್ಮನೆ ನಿಲ್ಲದೆ ಜಾಗ ಬದಲಿಸಬೇಕು. ಇಲ್ಲಿ ‘ನಾನು ಏನು ಮಾಡಲಿ’ ಎಂದು ಯೋಚಿಸುವವನು ತಡವಾಗುತ್ತಾನೆ, ‘ಏನಾಗುತ್ತಿದೆ’ ಎಂದು ನೋಡುವವನು ಹೊತ್ತಿಗೆ ಸರಿಯಾಗಿ ಅಲ್ಲಿರುತ್ತಾನೆ. ಬೌದ್ಧರು ಅನಾತ್ಮವೆಂದು ಹೇಳುವುದನ್ನು ಜಾಕ್ಸನ್ ಉಪದೇಶವಾಗಿ ಕೊಡಲಿಲ್ಲ, ಕಾಲ ಹೆಜ್ಜೆಯಾಗಿ ಕಲಿಸಿದರು.

ಜೋರ್ಡನ್ ಅವರಿಗೆ ಇದು ಮೊದಲು ರುಚಿಸಲಿಲ್ಲ. ಎಲ್ಲರಿಗೂ ಸಮಾನ ಅವಕಾಶ ಹಂಚುವ ಆಟವೆಂದು ಅವರು ಗೇಲಿ ಮಾಡಿದ್ದುಂಟು. ಅವರನ್ನು ಒಪ್ಪಿಸಲು ಜಾಕ್ಸನ್ ಅಂಕಿಅಂಶದ ಮೊರೆ ಹೋದರು. ಲೀಗ್‌ನಲ್ಲಿ ಅತಿ ಹೆಚ್ಚು ಅಂಕ ಗಳಿಸಿದವನ ತಂಡವೇ ಚಾಂಪಿಯನ್ ಆದದ್ದು ಕೊನೆಯ ಸಲ 1971ರಲ್ಲಿ, ಮುಂದೆ ಕರೀಂ ಅಬ್ದುಲ್-ಜಬ್ಬಾರ್ ಎಂದು ಹೆಸರಾದ ಆಟಗಾರನ ಮಿಲ್ವಾಕಿ ತಂಡದಲ್ಲಿ. ಜೋರ್ಡನ್ ಅವರ ಸರಾಸರಿ 33.6ರಿಂದ 1990-91ರಲ್ಲಿ 31.5ಕ್ಕೆ ಇಳಿಯಿತು. ತಮಾಷೆಯೆಂದರೆ ಬುಲ್ಸ್ ಚಾಂಪಿಯನ್ ಆದ ಆರೂ ಸೀಸನ್‌ಗಳಲ್ಲಿ ಲೀಗ್‌ನ ಅತಿ ಹೆಚ್ಚು ಅಂಕ ಗಳಿಸಿದವರು ಜೋರ್ಡನ್ ಅವರೇ. ಗುರು ಕೊಟ್ಟ ವಾದವನ್ನು ಶಿಷ್ಯ ಆರು ಸಲ ಸುಳ್ಳು ಮಾಡಿದ. ವಾದದ ಹಿಂದಿನ ಉದ್ದೇಶ ಮಾತ್ರ ಈಡೇರಿತು.

ಅದು ಹೇಗೆಂಬುದನ್ನು 1991ರ ಜೂನ್ 12ರ ಪಂದ್ಯ ತೋರಿಸುತ್ತದೆ. ಲಾಸ್ ಏಂಜಲೀಸ್ ಲೇಕರ್ಸ್ ವಿರುದ್ಧದ ಫೈನಲ್ಸ್‌ನ ಐದನೆಯ ಪಂದ್ಯ. ಕೊನೆಯ ನಿಮಿಷಗಳಲ್ಲಿ ಜೋರ್ಡನ್ ಸುತ್ತ ರಕ್ಷಕರು ಮುತ್ತಿಕೊಳ್ಳುತ್ತಿದ್ದರು. ಟೈಮ್‌ಔಟ್‌ನಲ್ಲಿ ಜಾಕ್ಸನ್ ಒಂದೇ ಪ್ರಶ್ನೆ ಕೇಳಿದರು: ಖಾಲಿ ನಿಂತಿರುವವನು ಯಾರು? ಜಾನ್ ಪ್ಯಾಕ್ಸನ್, ಎಂಬ ಉತ್ತರ ಜೋರ್ಡನ್ ಬಾಯಿಂದಲೇ ಬಂತು. ಆಮೇಲೆ ಪಾಸ್ ಮೇಲೆ ಪಾಸ್ ಪ್ಯಾಕ್ಸನ್ ಕೈ ಸೇರಿ, ಕೊನೆಯ ನಾಲ್ಕು ನಿಮಿಷಗಳಲ್ಲೇ ಅವರಿಂದ 10 ಅಂಕ ಬಂದವು. ಬುಲ್ಸ್ 108-101ರಿಂದ ಗೆದ್ದು ಮೊದಲ ಬಾರಿ ಚಾಂಪಿಯನ್ ಆಯಿತು. ಜಾಕ್ಸನ್ ಆಜ್ಞೆ ಮಾಡಲಿಲ್ಲ ಎಂಬುದು ಇಲ್ಲಿ ಮುಖ್ಯ. ಆಜ್ಞೆಗೆ ತಲೆಬಾಗಿ ಚೆಂಡು ಬಿಟ್ಟುಕೊಟ್ಟಿದ್ದರೆ ಜೋರ್ಡನ್ ಅಹಂ ಸೋತಂತಾಗುತ್ತಿತ್ತು. ಪ್ರಶ್ನೆಗೆ ಉತ್ತರಿಸುವಾಗ ಅದು ಸೋಲಲಿಲ್ಲ, ಗೆಲ್ಲಲಿಲ್ಲ. ಗಮನ ತನ್ನ ಮೇಲಿಂದ ಸರಿದು ಅಂಕಣದ ಮೇಲೆ ಬಿತ್ತು, ಅಷ್ಟೆ. ದೊರೆತನಕ್ಕೂ ಗಡೀಪಾರಿಗೂ ನಡುವೆ ಅರಿಸ್ಟಾಟಲ್ ಕಾಣದ ಮೂರನೆಯ ದಾರಿಯೊಂದಿದ್ದರೆ ಅದು ಇಲ್ಲಿದೆ: ಮೇಳದಲ್ಲಿ ಗಟ್ಟಿ ದನಿಯವನೂ ಇರಲಿ, ಅವನು ಕೇಳಿಸಿಕೊಳ್ಳುವುದನ್ನೂ ಕಲಿಯಲಿ.

ಗೆಲುವಿಗೆ ಅಂಟಿಕೊಳ್ಳದೆ ಆಡಬೇಕೆಂಬ ಜಾಕ್ಸನ್ ಮಾತನ್ನು ಕೇಳಿದ ಭಾರತೀಯ ಓದುಗರಿಗೆ ಗೀತೆಯ ನಿಷ್ಕಾಮಕರ್ಮ ನೆನಪಾಗುವುದು ಸಹಜ. ಆದರೆ ಆಟದಲ್ಲಿ ಒಂದು ತೊಡಕಿದೆ. ಫಲದ ಆಸೆ ಬಿಟ್ಟೂ ಅಡುಗೆ ಮಾಡಬಹುದು, ಹೊಲ ಉಳಬಹುದು. ಗೆಲ್ಲಲು ಹೊರಡದವನು ಮಾತ್ರ ಆಡುತ್ತಲೇ ಇಲ್ಲ. ಗೆಲುವನ್ನು ಬಯಸುವುದು ಆಟದೊಳಗಿನ ನಿಯಮ. ಹಾಗಾಗಿ ಇಲ್ಲಿ ವೈರಾಗ್ಯಕ್ಕಿರುವ ಜಾಗ ಕಿರಿದು: ಚೆಂಡು ಕೈಯಲ್ಲಿರುವ ಗಳಿಗೆಯಲ್ಲಿ ಫಲದ ಲೆಕ್ಕ ಮನಸ್ಸನ್ನು ಕದಡಬಾರದು, ಅಷ್ಟು ಮಾತ್ರ. ಹದಿನೇಳನೆಯ ಶತಮಾನದಲ್ಲಿ ಜಪಾನಿನ ಝೆನ್ ಭಿಕ್ಷು ತಕುಆನ್, ಕತ್ತಿವರಸೆಯ ಗುರು ಯಾಗ್ಯು ಮುನೆನೊರಿಗೆ ಬರೆದು ತಿಳಿಸಿದ್ದೂ ಇದನ್ನೇ. ಮನಸ್ಸು ಎದುರಾಳಿಯ ಕತ್ತಿಯ ಮೇಲಾಗಲಿ ತನ್ನ ಕತ್ತಿಯ ಮೇಲಾಗಲಿ ನಿಂತುಬಿಡಬಾರದು.

ಕತ್ತಿಯ ಉದಾಹರಣೆ ಒಂದು ಆತಂಕವನ್ನೂ ಜೊತೆಗೆ ತರುತ್ತದೆ. ‘ನಾನು’ ಕರಗಿದ ಮನಸ್ಸು ಯಾವ ಕೆಲಸಕ್ಕೂ ಹರಿತವಾಗುತ್ತದೆ. ಆ ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಆ ಹರಿತ ಹೇಳಲಾರದು. ಜಪಾನಿನ ಝೆನ್ ಪಂಥಗಳು ಇಪ್ಪತ್ತನೆಯ ಶತಮಾನದ ಯುದ್ಧಗಳಿಗೆ ಬೆಂಬಲ ಕೊಟ್ಟ ಚರಿತ್ರೆಯನ್ನು ಬ್ರಯಾನ್ ವಿಕ್ಟೋರಿಯಾ 1997ರ ‘ಝೆನ್ ಅಟ್ ವಾರ್’ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಮಹಾಯಾನ ಬೌದ್ಧರು ಪ್ರಜ್ಞೆಯೊಡನೆ ಕರುಣೆಯನ್ನೂ ಕೇಳುವುದು ಸುಮ್ಮನೆ ಅಲ್ಲ. ಬುಲ್ಸ್ ತಂಡಕ್ಕೆ ಮೊದಲನೆಯದು ಒಲಿಯಿತು. ಎರಡನೆಯದರ ಲೆಕ್ಕ ಅಷ್ಟು ಚೆನ್ನಾಗಿಲ್ಲ.

1993ರ ಜುಲೈನಲ್ಲಿ ತಂದೆಯ ಕೊಲೆಯಾದ ಮೇಲೆ ಜೋರ್ಡನ್ ಆಟ ಬಿಟ್ಟು ಬೇಸ್‌ಬಾಲ್ ಆಡಲು ಹೋಗಿ, 1995ರ ಮಾರ್ಚ್‌ನಲ್ಲಿ ಮರಳಿದರು. ಆ ವರ್ಷ ಪ್ಲೇಆಫ್‌ನಲ್ಲಿ ತಂಡ ಸೋತಿತು. ಮುಂದಿನ ಸೀಸನ್‌ಗೆ ಮೊದಲಿನ ತರಬೇತಿ ಶಿಬಿರದಲ್ಲಿ ಅವರು ಸಹ ಆಟಗಾರರನ್ನು ಹಂಗಿಸುವುದು, ಬೈಯುವುದು ಮಿತಿ ಮೀರಿತ್ತು. ಒಂದು ದಿನ ಅಭ್ಯಾಸದಲ್ಲಿ ಸ್ಟೀವ್ ಕೆರ್ ಮಾತಿಗೆ ಮಾತು ಕೊಟ್ಟರು. ಜೋರ್ಡನ್ ಜೋರಾಗಿ ಫೌಲ್ ಮಾಡಿದರು, ಕೆರ್ ಜೋರ್ಡನ್ ಎದೆಗೆ ಗುದ್ದಿದರು, ಜೋರ್ಡನ್ ಕೆರ್ ಅವರ ಮುಖಕ್ಕೇ ಹೊಡೆದರು. ಕೆರ್ ಕಣ್ಣು ಕಪ್ಪಾಯಿತು. ಜಾಕ್ಸನ್ ಜೋರ್ಡನ್ ಅವರನ್ನು ಅಭ್ಯಾಸದಿಂದ ಆಚೆ ಕಳಿಸಿದರು. ಜೋರ್ಡನ್ ಫೋನ್ ಮಾಡಿ ಕ್ಷಮೆ ಕೇಳಿದರು. ಆ ಸೀಸನ್‌ನಲ್ಲಿ ಬುಲ್ಸ್ 72 ಪಂದ್ಯ ಗೆದ್ದು ಹತ್ತರಲ್ಲಿ ಮಾತ್ರ ಸೋತಿತು.

ಈ ಕೊನೆಯ ವಾಕ್ಯವನ್ನು ಅದರ ಹಿಂದಿನದಕ್ಕೆ ಜೋಡಿಸುವ ರೀತಿಯಲ್ಲೇ ನೀತಿಪ್ರಶ್ನೆ ಅಡಗಿದೆ. ತಾನು ಮಾಡದ್ದನ್ನು ಇನ್ನೊಬ್ಬರಿಂದ ಎಂದೂ ಕೇಳಲಿಲ್ಲ ಎಂಬುದು ಜೋರ್ಡನ್ ಸಮರ್ಥನೆ. 2020ರ ‘ದ ಲಾಸ್ಟ್ ಡ್ಯಾನ್ಸ್’ ಸಾಕ್ಷ್ಯಚಿತ್ರದಲ್ಲಿ ಈ ವಿಷಯ ಮಾತನಾಡುತ್ತ ಕಣ್ಣು ತುಂಬಿ ಬಂದು ಅವರು ಚಿತ್ರೀಕರಣ ನಿಲ್ಲಿಸಲು ಹೇಳಿದರು. ಆ ಗಡಸುತನ ತಮ್ಮನ್ನು ಬೆಳೆಸಿತೆಂದು ಹೇಳುವ ಸಹ ಆಟಗಾರರೂ ಇದ್ದಾರೆ. ಆದರೆ ಗೆದ್ದವರ ಸಾಕ್ಷ್ಯಕ್ಕೆ ಒಂದು ದೋಷವಿದೆ. ಕಪ್ ಎತ್ತಿದ ಮೇಲೆ ಪಟ್ಟ ಪಾಡೆಲ್ಲ ಸಾರ್ಥಕವೆನಿಸುತ್ತದೆ. ಪಾಡು ಪಟ್ಟು ಕಪ್ ಸಿಗದೆ ಹೋದವರನ್ನು ಯಾರೂ ಕ್ಯಾಮೆರಾ ಮುಂದೆ ಕೂರಿಸುವುದಿಲ್ಲ. ತನ್ನನ್ನು ತಾನು ಹಿಂಡಿಕೊಳ್ಳುವವನಿಗೆ ಇನ್ನೊಬ್ಬನನ್ನು ಹಿಂಡುವ ಹಕ್ಕು ತಾನಾಗಿ ಬರುತ್ತದೆ ಎಂಬ ವಾದವೂ ನಿಲ್ಲುವಂಥದಲ್ಲ. ಆತ್ಮಶಿಕ್ಷೆ ಅವರವರ ಆಯ್ಕೆ. ಇನ್ನೊಬ್ಬನ ಶಿಕ್ಷೆಗೆ ಅವನ ಒಪ್ಪಿಗೆ ಬೇಕು, ತಂಡದಲ್ಲಿ ಜಾಗ ಕಳೆದುಕೊಳ್ಳುವ ಭಯದಲ್ಲಿರುವವನು ಕೊಡುವ ಒಪ್ಪಿಗೆಯ ಬೆಲೆ ಕಡಿಮೆ. ಇಲ್ಲಿ ಜಾಕ್ಸನ್ ಅವರ ಮೌನದ ಮೇಲೂ ಸ್ವಲ್ಪ ಹೊಣೆ ಬೀಳುತ್ತದೆ. ತಾನಾಗಿ ಅರಳಲಿ ಎಂದು ಕಾಯುವ ಗುರು, ಕಾಯುವ ಹೊತ್ತಿನಲ್ಲಿ ಏಟು ತಿನ್ನುವವನು ಬೇರೆಯವನೆಂಬುದನ್ನು ಮರೆಯಬಾರದಿತ್ತು.

ಜೋರ್ಡನ್ ಮತ್ತು ಕೆರ್ ನಡುವೆ ಮುಂದೆ ನಡೆದದ್ದನ್ನು ಸ್ನೇಹ ಎನ್ನಬಹುದೇ? 1997ರ ಜೂನ್ 13ರಂದು ಯೂಟಾ ಜಾಝ್ ವಿರುದ್ಧದ ಫೈನಲ್ಸ್‌ನ ಆರನೆಯ ಪಂದ್ಯ 86-86ರಲ್ಲಿ ನಿಂತಿತ್ತು. ಟೈಮ್‌ಔಟ್‌ನಲ್ಲಿ ಜೋರ್ಡನ್ ಕೆರ್‌ಗೆ, ಯೂಟಾದ ಸ್ಟಾಕ್‌ಟನ್ ನಿನ್ನನ್ನು ಬಿಟ್ಟು ನನ್ನ ಮೇಲೆ ಬರುತ್ತಾನೆ, ಸಿದ್ಧನಿರು ಎಂಬರ್ಥದ ಮಾತು ಹೇಳಿದರು. ಹಾಗೆಯೇ ಆಯಿತು, ಪಾಸ್ ಕೆರ್ ಕೈಗೆ ಬಂತು, ಚೆಂಡು ಬುಟ್ಟಿಗೆ ಬಿತ್ತು. ಕೆರ್ ತಂದೆ ಬೈರೂತ್‌ನ ಅಮೆರಿಕನ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದು 1984ರಲ್ಲಿ ಗುಂಡಿಗೆ ಬಲಿಯಾದವರು. ತಂದೆಯನ್ನು ಕೊಲೆಗೆ ಕಳೆದುಕೊಂಡ ಇಬ್ಬರು ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಬಟ್ಟೆ ಬದಲಿಸಿದರು, ಆ ವಿಷಯ ಮಾತ್ರ ಎಂದೂ ಮಾತಾಡಲಿಲ್ಲವೆಂದು ಕೆರ್ ಹೇಳಿದ್ದಾರೆ. ಉಪಯೋಗಕ್ಕಾಗಿ, ಸುಖಕ್ಕಾಗಿ, ಸದ್ಗುಣಕ್ಕಾಗಿ ಎಂದು ಅರಿಸ್ಟಾಟಲ್ ಸ್ನೇಹವನ್ನು ಮೂರಾಗಿ ವಿಂಗಡಿಸಿದ್ದ. ಇದು ಮೂರಕ್ಕೂ ಪೂರ್ತಿ ಒಗ್ಗುವುದಿಲ್ಲ. ಒಬ್ಬರ ಒಳಗನ್ನು ಇನ್ನೊಬ್ಬರು ತಿಳಿಯದೆಯೂ ಅತ್ಯಂತ ಕಷ್ಟದ ಗಳಿಗೆಯಲ್ಲಿ ಒಬ್ಬರನ್ನೊಬ್ಬರು ನೆಚ್ಚಿದರು. ನಂಬಿಕೆಗೆ ಆಪ್ತತೆಯೇ ತಳಹದಿ ಎಂಬ ಎಣಿಕೆಯನ್ನು ಇದು ಅಲುಗಿಸುತ್ತದೆ.

ಇನ್ನು ಜೋರ್ಡನ್ ಅವರ ಸಹ ಆಟಗಾರ ಸ್ಕಾಟಿ ಪಿಪ್ಪೆನ್. ಜೋರ್ಡನ್ ಇಲ್ಲದ 1993-94ರ ಸೀಸನ್‌ನಲ್ಲಿ ಅವರ ಮುಂದಾಳ್ತನದಲ್ಲಿ ಬುಲ್ಸ್ 55 ಪಂದ್ಯ ಗೆದ್ದಿತು. ಆ ವರ್ಷ ನ್ಯೂಯಾರ್ಕ್ ನಿಕ್ಸ್ ವಿರುದ್ಧದ ಪ್ಲೇಆಫ್ ಪಂದ್ಯದಲ್ಲಿ 1.8 ಸೆಕೆಂಡ್ ಉಳಿದಿರುವಾಗ ಕೊನೆಯ ಹೊಡೆತವನ್ನು ಜಾಕ್ಸನ್ ಟೋನಿ ಕುಕೊಚ್ ಅವರಿಗೆ ಕೊಟ್ಟರು. ಪಿಪ್ಪೆನ್ ಬೆಂಚ್ ಬಿಟ್ಟು ಏಳಲಿಲ್ಲ. ಕುಕೊಚ್ ಹೊಡೆದು ಗೆಲ್ಲಿಸಿದರು. ಪಂದ್ಯದ ನಂತರ ಹಿರಿಯ ಆಟಗಾರ ಬಿಲ್ ಕಾರ್ಟ್‌ರೈಟ್ ಲಾಕರ್ ರೂಮ್‌ನಲ್ಲಿ ಅಳುತ್ತ ಪಿಪ್ಪೆನ್ ಅವರನ್ನು ತರಾಟೆಗೆ ತೆಗೆದುಕೊಂಡರು. ವರ್ಷಗಟ್ಟಲೆ ನಿಸ್ವಾರ್ಥಿಯೆಂದು ಹೆಸರಾಗಿದ್ದವರು ದೊರೆಯ ಕುರ್ಚಿ ಖಾಲಿಯಾದ ವರ್ಷವೇ ಹೀಗೆ ನಡೆದುಕೊಂಡರು. ಅಹಂಕಾರ ಜೋರ್ಡನ್ ಎಂಬ ವ್ಯಕ್ತಿಯ ಸ್ವತ್ತಾಗಿರದೆ, ಆ ಸ್ಥಾನದಲ್ಲಿ ಕೂತವರನ್ನೆಲ್ಲ ಹಿಡಿಯುವಂಥದಾಗಿತ್ತೇನೋ.

1998ರ ಜೂನ್ 14ರಂದು ಜೋರ್ಡನ್ ಅವರ ಕೊನೆಯ ಹೊಡೆತದಿಂದ ಬುಲ್ಸ್ 87-86ರಲ್ಲಿ ಗೆದ್ದು ಆರನೆಯ ಬಾರಿ ಚಾಂಪಿಯನ್ ಆಯಿತು. ಆ ಸಲ ಪಾಸ್ ಇರಲಿಲ್ಲ. ಎದುರಾಳಿಯಿಂದ ಚೆಂಡು ಕಸಿದವರೂ ಹೊಡೆದವರೂ ಅವರೇ. ಆ ಸೀಸನ್‌ನಲ್ಲಿ ಜಾಕ್ಸನ್ ಎಲ್ಲರಿಂದಲೂ ತಂಡದ ಬಗೆಗಿನ ಮಾತುಗಳನ್ನು ಚೀಟಿಯಲ್ಲಿ ಬರೆಸಿ, ಓದಿಸಿ, ಕಾಫಿ ಡಬ್ಬದಲ್ಲಿ ಹಾಕಿ ಸುಟ್ಟಿದ್ದರು. ಆಟಗಾರರೂ ಕೋಚ್‌ಗಳೂ ಅಷ್ಟೇ ಚಾಂಪಿಯನ್‌ಷಿಪ್ ಗೆಲ್ಲುವುದಿಲ್ಲ, ಗೆಲ್ಲುವುದು ಸಂಸ್ಥೆ ಎಂಬ ನಿಲುವಿನ ಜನರಲ್ ಮ್ಯಾನೇಜರ್ ಜೆರ್ರಿ ಕ್ರೌಸ್ ಮತ್ತು ಜಾಕ್ಸನ್ ನಡುವಿನ ಜಗಳ ಅಷ್ಟರಲ್ಲಿ ಸರಿಪಡಿಸಲಾಗದಷ್ಟು ಬೆಳೆದಿತ್ತು. ಜಾಕ್ಸನ್, ಜೋರ್ಡನ್, ಪಿಪ್ಪೆನ್ ಎಲ್ಲರೂ ಹೋದರು. ಮುಂದಿನ ಮೊಟಕಾದ ಸೀಸನ್‌ನಲ್ಲಿ ಉಳಿದ ಸಂಸ್ಥೆ 13 ಪಂದ್ಯ ಗೆದ್ದು 37 ಸೋತಿತು. ಜೋರ್ಡನ್ 2001ರಿಂದ ಎರಡು ಸೀಸನ್ ವಾಷಿಂಗ್ಟನ್ ವಿಜರ್ಡ್ಸ್ ಪರ ಆಡಿದರು, ಒಮ್ಮೆಯೂ ಪ್ಲೇಆಫ್ ತಲುಪಲಿಲ್ಲ. ಜಾಕ್ಸನ್ ಲಾಸ್ ಏಂಜಲೀಸ್‌ಗೆ ಹೋಗಿ ಅದೇ ತ್ರಿಕೋನದ ಆಟದಲ್ಲಿ ಇನ್ನೂ ಐದು ಬಾರಿ ಗೆದ್ದರು, ಆದರೆ ಅಲ್ಲಿ ಅವರಿಗೆ ಶಕೀಲ್ ಓನೀಲ್ ಸಿಕ್ಕಿದ್ದರು, ಕೋಬಿ ಬ್ರಯಂಟ್ ಸಿಕ್ಕಿದ್ದರು.