ಯಾರ ಪೈಕಿ?

ಗದಗದ ಕಡೆಯ ನಮ್ಮೂರಲ್ಲಿ ಹೊಸಬರು ಬಸ್ಸಿಳಿದರೆ ಕಟ್ಟೆ ಮೇಲೆ ಕೂತವರು ಕೇಳೋ ಮೊದಲ ಪ್ರಶ್ನೆ, "ಯಾರ ಪೈಕಿ?" ಮನೆತನ, ಜಾತಿ, ಯಾರ ಮನೆಗೆ ಬಂದದ್ದು, ಎಲ್ಲವೂ ಆ ಎರಡು ಪದದ ಉತ್ತರದಲ್ಲಿ ಹೊರಗೆ ಬರುತ್ತೆ. ಬೆಂಗಳೂರಲ್ಲಿ ಇದನ್ನ ಬಾಯಲ್ಲಿ ಕೇಳಲ್ಲ. ಫಾರ್ಮ್ ಕೊಡ್ತಾರೆ.

ನಮ್ಮ ಟೀಮಿನ ರಾಯಚೂರಿನ ಹುಡುಗ ಬಿಟಿಎಂ ಲೇಔಟಿನ ಪೀಜಿಯಲ್ಲಿ ಮೂರು ವರ್ಷದಿಂದ ಇದ್ದಾನೆ. ಅಮ್ಮನನ್ನು ಕರೆಸಿಕೊಳ್ಳೋಣ ಅಂತ ಜೆ.ಪಿ. ನಗರದ ಅಪಾರ್ಟ್‌ಮೆಂಟ್ ಒಂದರಲ್ಲಿ ಬಾಡಿಗೆ ಮನೆ ನೋಡಿದ. ಓನರ್ ಒಪ್ಪಿದರು, ಅಡ್ವಾನ್ಸೂ ಮಾತಾಯ್ತು. ಆದರೆ ಅಸೋಸಿಯೇಷನ್‌ಗೆ ಬೆಂಗಳೂರಲ್ಲಿ ಸ್ವಂತ ಮನೆ ಇರುವ ಇಬ್ಬರಿಂದ ಪರಿಚಯ ಪತ್ರ ಬೇಕಂತೆ. "ಸರ್, ನೀವೊಂದು ಲೆಟರ್ ಕೊಟ್ಟರ ಮನಿ ಸಿಗ್ತದ ನೋಡ್ರಿ" ಅಂದ. ಬನಶಂಕರಿಯಲ್ಲಿ ನನ್ನದೊಂದು ಫ್ಲ್ಯಾಟ್ ಇದೆ, ಇಎಂಐ ಇನ್ನೂ ಮುಗಿದಿಲ್ಲ ಅನ್ನೋದು ಬೇರೆ ಮಾತು.

ನನಗೆ ಅವನು ಗೊತ್ತಿರೋದು ಬೆಳಗಿನ ಮೀಟಿಂಗಿನಲ್ಲಿ, ಕೋಡ್ ರಿವ್ಯೂನಲ್ಲಿ. ಅವನನ್ನು ನಿಜವಾಗಿ ಬಲ್ಲವರು ಪೀಜಿಯಲ್ಲಿ ಅಡುಗೆ ಮಾಡೋ ಆಂಟಿ. ಎಷ್ಟು ಹೊತ್ತಿಗೆ ಬರ್ತಾನೆ, ಯಾರ ಜೊತೆ ಹೇಗೆ ಮಾತಾಡ್ತಾನೆ, ರೂಮ್‌ಮೇಟ್‌ಗೆ ಜ್ವರ ಬಂದಾಗ ನಡುರಾತ್ರಿ ಆಸ್ಪತ್ರೆಗೆ ಕರೆದುಕೊಂಡು ಹೋದವರು ಯಾರು, ಎಲ್ಲ ಅವರಿಗೆ ಗೊತ್ತು. ಆದರೆ ಅವರ ಪತ್ರ ನಡೆಯಲ್ಲ, ಸ್ವಂತ ಮನೆ ಇಲ್ಲವಲ್ಲ! ಬಲ್ಲವರ ಮಾತಿಗೆ ಬೆಲೆ ಇಲ್ಲ, ಬೆಲೆ ಇರುವವರಿಗೆ ಏನೂ ಗೊತ್ತಿಲ್ಲ.

ಇದು ನಮ್ಮೂರಿನ ರೋಗ ಮಾತ್ರ ಅಲ್ಲ. ನ್ಯೂಯಾರ್ಕಿನ ಕೋ-ಆಪ್ ಕಟ್ಟಡಗಳಲ್ಲಿ ಮನೆ ಕೊಳ್ಳೋಕೂ ಇಂಥ ಪತ್ರಗಳು ಬೇಕು. 1979ರಲ್ಲಿ ಮಾಜಿ ಅಧ್ಯಕ್ಷ ರಿಚರ್ಡ್ ನಿಕ್ಸನ್‌ಗೇ ಅಲ್ಲಿ ಬಾಗಿಲು ಮುಚ್ಚಿತ್ತು. ಅಲ್ಲಿನವರಿಗೆ ಒಂದು ಕಾರಣವಾದರೂ ಇದೆ: ಕಟ್ಟಡದ ಸಾಲ, ಖರ್ಚು ಎಲ್ಲರದು, ಒಬ್ಬ ಕಟ್ಟದಿದ್ದರೆ ಉಳಿದವರು ಹೊರಬೇಕು. ನಮ್ಮಲ್ಲಿ 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹ ಸಹಕಾರ ಸಂಘದ ಪ್ರಕರಣದಲ್ಲಿ, ಸದಸ್ಯತ್ವವನ್ನು ಪಾರ್ಸಿಗಳಿಗಷ್ಟೇ ಮೀಸಲಿಡುವ ನಿಯಮವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕಾನೂನು ಬಿಟ್ಟಿದೆ ಅಂದಮಾತ್ರಕ್ಕೆ ನ್ಯಾಯ ಆಯ್ತಾ?

ಒಬ್ಬರ ಪರವಾಗಿ ನಿಲ್ಲೋದು ಅಂದರೆ ಏನು ಅಂತ ಯೋಚಿಸಿದಾಗ ನನಗೆ ನೆನಪಾಗೋದು ನಮ್ಮ ಪಕ್ಕದ ಕಣಗಿನಹಾಳ. 1904ರ ಕಾಯ್ದೆಯ ಕೆಳಗೆ 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆ. ಒಬ್ಬನ ಸಾಲ ಮುಳುಗಿದರೆ ಉಳಿದವರ ಜೇಬಿಗೂ ಕೈ ಬೀಳುತ್ತೆ. "ಅವನು ಒಳ್ಳೆಯವನು" ಅನ್ನೋ ಮಾತಿನ ಹಿಂದೆ ಹೇಳಿದವನ ಹೊಲ ಇರ್ತಿತ್ತು. ಹಳ್ಳಿಯ ನಂಬಿಕೆಗೂ ಕೇರಿಯ ಗಡಿ ಇತ್ತು, ಅದನ್ನ ಮರೆಯಬಾರದು. ಆದರೂ ನಂಬಿದವನು ಏನನ್ನಾದರೂ ಪಣಕ್ಕೆ ಇಡ್ತಿದ್ದ. ನಮ್ಮ ಪತ್ರದಲ್ಲಿ ಬರೆದವನು ಕಳೆದುಕೊಳ್ಳೋದು ಐದು ನಿಮಿಷ.

ಅಸೋಸಿಯೇಷನ್‌ನವರ ಭಯ ಸುಳ್ಳಲ್ಲ. ಗಲಾಟೆ, ಬಾಕಿ, ಜಗಳ ಎಲ್ಲ ಇರುತ್ತೆ. ಅದಕ್ಕೆ ಕರಾರು ಪತ್ರ ಇದೆ, ಅಡ್ವಾನ್ಸ್ ಇದೆ, ಪೊಲೀಸ್ ವೆರಿಫಿಕೇಷನ್ ಇದೆ, ದಂಡದ ನಿಯಮ ಇದೆ. ಅವು ಅವನ ನಡತೆಗೆ ಸಂಬಂಧಿಸಿದ್ದು. ಪತ್ರ ಅಳೆಯೋದು ಅವನ ಹಿಂದೆ ಯಾರಿದ್ದಾರೆ ಅನ್ನೋದನ್ನ. ಹಿಂದೆ ಯಾರೂ ಇಲ್ಲದವರೇ ತಾನೇ ಊರು ಬಿಟ್ಟು ಬರೋದು?

ಹಾಗಂತ "ಇದು ತಪ್ಪು, ನಾನು ಬರೆಯಲ್ಲ" ಅಂದರೆ ನನ್ನ ತತ್ವ ಚೊಕ್ಕವಾಗಿರುತ್ತೆ, ಅವನ ಅಮ್ಮ ರಾಯಚೂರಲ್ಲೇ ಇರ್ತಾರೆ. ಅದಕ್ಕೇ ಬರೆದೆ. ಕೆಲಸದಲ್ಲಿ ಕಣ್ಣಾರೆ ಕಂಡ ಎರಡು ಸಂಗತಿ ಬರೆದೆ. ಆಂಟಿಯನ್ನು ಕೇಳಿ ಅವರ ಮಾತನ್ನು ಅವರ ಹೆಸರಲ್ಲೇ ಸೇರಿಸಿದೆ. ಕೊನೆಗೆ, ಮೇಂಟೆನೆನ್ಸ್ ಬಾಕಿ ಉಳಿದರೆ ಮೂರು ತಿಂಗಳವರೆಗೆ ನಾನು ಕಟ್ಟುತ್ತೇನೆ ಅಂತ ಸಹಿ ಹಾಕಿದೆ.

ಕಮಿಟಿಯವರು ಪತ್ರವನ್ನು ಪೂರ್ತಿ ಓದಲಿಲ್ಲ. "ಬನಶಂಕರೀಲಿ ಸ್ವಂತ ಮನೆನಾ ಸರ್? ಹಾಗಾದ್ರೆ ಓಕೆ" ಅಂದರು.

ನಿಮ್ಮ ಅಪಾರ್ಟ್‌ಮೆಂಟಿನ ಮುಂದಿನ ಮೀಟಿಂಗಿನಲ್ಲಿ ಇಂಥ ಫಾರ್ಮ್ ಬಂದರೆ ಒಂದೇ ಪ್ರಶ್ನೆ ಕೇಳಿ: ಈ ಪತ್ರ ಬರೆದವರು ಯಾವುದಕ್ಕೆ ಹೊಣೆ? ಉತ್ತರ ಇಲ್ಲ ಅಂದರೆ ಆ ಕಾಲಂ ಹೊಡೆದುಹಾಕಲು ಹೇಳಿ.